ಜಡ್ಜಪ್ಪನಿಗೆ ಹತ್ತಕ್ಕೆ ಹತ್ತು

ಬೇರೆಯವರ ಗಂಡಂದಿರು ನಿವೃತ್ತರಾದ ಮೇಲೆ ಗಿಡಕ್ಕೆ ನೀರು ಹಾಕುತ್ತಾರೆ, ಪೇಪರು ಓದುತ್ತಾರೆ, ಹೆಚ್ಚೆಂದರೆ ಹೆಂಡತಿಯ ಅಡುಗೆಗೆ ಹೆಸರಿಡುತ್ತಾರೆ. ನಮ್ಮನೆಯವರು ಟಿವಿ ಧಾರಾವಾಹಿಯ ಪಾತ್ರಗಳಿಗೆ ಅಂಕ ಕೊಡುತ್ತಾರೆ. ತಮಾಷೆ ಮಾಡುತ್ತಿಲ್ಲ. ಅದು ಅವರ ಕೆಲಸ, ಕೊರಳಿಗೆ ಹಾಕಿಕೊಳ್ಳುವ ಗುರುತಿನ ಚೀಟಿ ಬೇರೆ ಇದೆ.

ಆದದ್ದು ಇಷ್ಟು. ಮೂವತ್ತನಾಲ್ಕು ವರ್ಷ ಮೇಷ್ಟ್ರಾಗಿ, ಕೊನೆಗೆ ಹೆಡ್‌ಮೇಷ್ಟ್ರಾಗಿ ಮನೆಗೆ ಬಂದು ಕೂತವರಿಗೆ ತಿದ್ದುವುದಕ್ಕೆ ಏನೂ ಉಳಿಯಲಿಲ್ಲ. ಹಾಲಿನವನ ಚೀಟಿ ತಿದ್ದಿದರು. ಕೆಳಗೆ ಅಂಟಿಸಿದ್ದ 'ಲಿಫ್ಟ್ ಕೆಟ್ಟಿದೆ' ಎಂಬ ಬೋರ್ಡು ತಿದ್ದಿದರು. ನನ್ನನ್ನು ತಿದ್ದುವ ಕೆಲಸವಂತೂ ಮದುವೆಯಾದ ದಿನದಿಂದ ನಡೆದೇ ಇದೆ, ಇನ್ನೂ ಮುಗಿದಿಲ್ಲ. ಆಮೇಲೆ ನಾನು ದಿನಾ ಮಧ್ಯಾಹ್ನ ಮೂರೂವರೆಗೆ ನೋಡುವ ಧಾರಾವಾಹಿ ಇವರ ಕಿವಿಗೆ ಬಿತ್ತು. ಪಕ್ಕದ ಕೋಣೆಯಲ್ಲಿ ಕೂತೇ ಎರಡು ವಾರ ಕೇಳಿದರು. ಮೂರನೇ ವಾರ ಚಾನೆಲ್ಲಿಗೆ ಪತ್ರ ಹೋಯಿತು. ನಿಮ್ಮ ಧಾರಾವಾಹಿಯಲ್ಲಿ ಒಂದು ಕಂತಿಗೆ ಸರಾಸರಿ ಹದಿನಾಲ್ಕು ಸುಳ್ಳು ಹೇಳಲಾಗುತ್ತಿದೆ, ಪಟ್ಟಿ ಲಗತ್ತಿಸಿದೆ, ಎಂದು. ಅಂಥವು ನಲವತ್ತೊಂದು ಪತ್ರ!

ಚಾನೆಲ್‌ನವರಿಗೂ ತಲೆ ಚಿಟ್ಟು ಹಿಡಿದಿರಬೇಕು. ಈ ಮನುಷ್ಯನನ್ನು ಹೊರಗಿಟ್ಟರೆ ತೊಂದರೆ, ಒಳಗೆ ಕೂರಿಸಿದರೆ ಕ್ಷೇಮ ಎಂದು ಲೆಕ್ಕ ಹಾಕಿ, ಮ್ಯಾನೇಜರು ಒಂದು ದಿನ ಮನೆಗೇ ಬಂದು ಕೈಮುಗಿದ. ದೂರುಗಳು ಜಾಸ್ತಿಯಾಗಿವೆ, ಹೊರಗಿನ ಸಜ್ಜನರೊಬ್ಬರು ನೋಡಿ ವರದಿ ಕೊಡಬೇಕು, ನಿಮ್ಮಂಥ ಸತ್ಯವಂತರು ಬೇರೆ ಯಾರು ಸಿಗುತ್ತಾರೆ ಎಂದ. ಹೀಗೆ ಇವರು 'ಮೌಲ್ಯ ಪರೀಕ್ಷಕ'ರಾದರು. ಧಾರಾವಾಹಿ ತಂಡದಲ್ಲಿ ನನ್ನ ಸಂಬಂಧಿಕರು ಯಾರೂ ಇಲ್ಲ ಎಂದು ಒಂದು ಕಾಗದಕ್ಕೆ ಸಹಿ ಹಾಕಿಕೊಟ್ಟರು. ಸಹಿ ಹಾಕುವಾಗ ನಾನು ಚಹಾ ತಂದಿಡುತ್ತಿದ್ದೆ. ಅರ್ಧ ಚಹಾ ಬಸಿಗೆ ಚೆಲ್ಲಿತು.

ಯಾಕೆಂದರೆ ಆ ಧಾರಾವಾಹಿ ಬರೆಯುವವಳು ನಮ್ಮ ಮಗಳು.

ಇವರಿಗೆ ಗೊತ್ತಿರಲಿಲ್ಲ, ಅವಳು ಬರೆಯುತ್ತಿದ್ದದ್ದು ಬೇರೆ ಹೆಸರಿನಲ್ಲಿ. ಮಗಳು ಒಂದು ಔಷಧ ಕಂಪನಿಯಲ್ಲಿ ಕಾಗದಪತ್ರ ನೋಡಿಕೊಳ್ಳುತ್ತಾಳೆ, ಕೆಲಸಕ್ಕೆ ಹತ್ತಿರವಾಗಲಿ ಎಂದು ಊರಿನ ಆ ತುದಿಯಲ್ಲಿ ಕೋಣೆ ಮಾಡಿಕೊಂಡಿದ್ದಾಳೆ ಎಂದು ತಿಳಿದಿದ್ದರು. ಮೂರು ವರ್ಷದಿಂದ ನಾನೂ ಅವಳೂ ಸೇರಿ ಕಟ್ಟಿದ ಕಥೆ ಅದು. ನಾನು ಸುಮ್ಮನೆ ಆ ಧಾರಾವಾಹಿ ನೋಡುತ್ತಿದ್ದೆನೇ? ಮಗಳು ಬರೆದದ್ದೆಂದು ನೋಡುತ್ತಿದ್ದೆ. ನಾನು ನೋಡಿದ್ದರಿಂದ ಇವರು ಕೇಳಿಸಿಕೊಂಡರು, ಕೇಳಿಸಿಕೊಂಡದ್ದರಿಂದ ಪತ್ರ ಬರೆದರು, ಪತ್ರ ಬರೆದದ್ದರಿಂದ ಪರೀಕ್ಷಕರಾದರು. ಮಾರಿಯನ್ನು ಬಾಗಿಲು ತೆರೆದು ಕರೆದವಳು ನಾನೇ.

ಮಗಳು ಯಾಕೆ ಮುಚ್ಚಿಟ್ಟಳು ಎಂದು ಕೇಳಬಹುದು. ಅವಳು ಏಳನೇ ತರಗತಿಯಲ್ಲಿದ್ದಾಗ ಶಾಲೆಯಲ್ಲಿ ಪ್ರಬಂಧ ಸ್ಪರ್ಧೆ ಇತ್ತು. ತಿದ್ದಿದವರು ಇವರು. ಅವಳದೇ ಎಲ್ಲಕ್ಕಿಂತ ಚೆನ್ನಾಗಿತ್ತು, ಇವರೇ ನನ್ನ ಮುಂದೆ ಹೇಳಿದ್ದರು. ಆದರೆ ಹೆಡ್‌ಮೇಷ್ಟ್ರು ಸ್ವಂತ ಮಗಳಿಗೆ ಬಹುಮಾನ ಕೊಟ್ಟುಕೊಂಡರು ಎಂದು ಯಾರೂ ಅನ್ನಬಾರದೆಂದು ಎರಡು ಅಂಕ ಕಡಿಮೆ ಹಾಕಿದರು. ಬಹುಮಾನ ಇನ್ನೊಂದು ಮಗುವಿಗೆ ಹೋಯಿತು. ನಮ್ಮದು ಹಾಳೆ ಹಿಡಿದುಕೊಂಡು ಬಂದು, "ಅಪ್ಪಾ, ಎಲ್ಲಿ ತಪ್ಪಾಗಿದೆ?" ಎಂದು ಕೇಳಿತು. "ತಪ್ಪೇನಿಲ್ಲ. ಸತ್ಯಕ್ಕೆ ಸಂಬಂಧಿಕರು ಇರೋದಿಲ್ಲ" ಎಂದರು ಇವರು. ತಪ್ಪಿಲ್ಲದ ಉತ್ತರಕ್ಕೆ ಅಂಕ ಕತ್ತರಿಸುವುದು ಯಾವ ಸೀಮೆಯ ಸತ್ಯ ಎಂದು ನಾನು ಆ ದಿನ ಕೇಳಬೇಕಿತ್ತು. ಕೇಳಲಿಲ್ಲ. ಆಮೇಲೆ ಅವಳು ಬರೆದದ್ದನ್ನು ಅಪ್ಪನ ಕೈಗೆ ಎಂದೂ ಕೊಡಲಿಲ್ಲ.

ಇನ್ನು ಪರೀಕ್ಷೆಯ ವೈಭವ ಕೇಳಿ. ಹಾಲ್‌ನಲ್ಲಿ ಮರದ ಕುರ್ಚಿ, ಮುಂದೆ ಸಣ್ಣ ಮೇಜು, ಮೇಜಿನ ಮೇಲೆ ಕೆಂಪು ಪೆನ್ನು, ಚಾನೆಲ್‌ನವರು ಕೊಟ್ಟ ಅಚ್ಚಿನ ಹಾಳೆಗಳ ಕಟ್ಟು. ಒಂದೊಂದು ಪಾತ್ರಕ್ಕೆ ಒಂದೊಂದು ಹಾಳೆ. ಹೇಳಿದ ಸುಳ್ಳುಗಳೆಷ್ಟು, ಹಿರಿಯರಿಗೆ ಎದುರಾಡಿದ್ದೆಷ್ಟು, ಕೊಟ್ಟ ಮಾತು ತಪ್ಪಿದ್ದೆಷ್ಟು, ಒಟ್ಟು ಹತ್ತಕ್ಕೆ ಎಷ್ಟು. ಟಿವಿ ನಡೆಯುವಾಗ ಯಾರೂ ಮಾತಾಡಕೂಡದು. ಕೆಮ್ಮು ಬಂದರೆ ನಾನು ಅಡುಗೆಮನೆಗೆ ಹೋಗಿ ಕೆಮ್ಮಿ ಬರಬೇಕು.

ಕಥೆಯೂ ದೊಡ್ಡದೇನಲ್ಲ. ಒಬ್ಬ ನಿವೃತ್ತ ಜಡ್ಜು, ಎಲ್ಲರೂ ಅವನನ್ನು ಜಡ್ಜಪ್ಪ ಎನ್ನುತ್ತಾರೆ. ಒಬ್ಬಳು ಹೆಂಡತಿ, ಅವಳಿಗೆ ಮಾತು ಕಡಿಮೆ. ಒಬ್ಬಳು ಮಗಳು. ಆ ಮಗಳು ಗ್ರಂಥಾಲಯದಲ್ಲಿ ಕೆಲಸ ಎಂದು ಮನೆಯಲ್ಲಿ ಹೇಳಿ ನಿಜವಾಗಿ ಸಿಟಿ ಬಸ್ಸು ಓಡಿಸುತ್ತಾಳೆ. ಬಸ್ಸು ಓಡಿಸುವುದೆಂದರೆ ಅವಳಿಗೆ ಪ್ರಾಣ. ಅಪ್ಪನಿಗೆ ಗೊತ್ತಾದರೆ ಮುಗಿಯಿತು. ಆದ್ದರಿಂದ ದಿನಕ್ಕೊಂದು ಸುಳ್ಳು.

ನಮ್ಮನೆಯವರು ಆ ಹುಡುಗಿಯ ಮೇಲೆ ಹಲ್ಲು ಕಡಿಯುತ್ತಿದ್ದರು.

"ನೋಡು, ಮತ್ತೆ ಸುಳ್ಳು. ಎರಡೂವರೆ."

"ಅಪ್ಪನ ಮಾತ್ರೆ ಮುಗಿದಿದೆ ಅಂತ ಬಸ್ಸನ್ನೇ ಆ ರಸ್ತೆಗೆ ತಿರುಗಿಸಿಕೊಂಡು ಹೋಗಿ ತಂದಳಲ್ಲ, ಅದಕ್ಕೆ?"

"ಪ್ರಯಾಣಿಕರಿಗೆ ಏನಂದಳು? ರಸ್ತೆ ರಿಪೇರಿ ಅಂದಳು. ಅದೂ ಸುಳ್ಳೇ. ಎರಡು."

"ಮಾತ್ರೆ ತಂದಿದ್ದಕ್ಕೆ ಏನೂ ಇಲ್ವಾ?"

"ಅದಕ್ಕೆ ಕಾಲಂ ಇಲ್ಲ."

ಇಂಥವರ ಜೊತೆ ಸಂಸಾರ ಮಾಡಿದ್ದೇನೆ ನಾನು, ನನಗೆ ಯಾರು ಅಂಕ ಕೊಡುತ್ತಾರೆ?

ಜಡ್ಜಪ್ಪ ತೆರೆಯ ಮೇಲೆ ಬಂದರೆ ಮಾತ್ರ ಇವರ ಮುಖ ಅರಳುತ್ತಿತ್ತು. ಜಡ್ಜಪ್ಪ ಸುಳ್ಳು ಹೇಳುವುದಿಲ್ಲ. ಐದು ನಿಮಿಷ ತಡ ಮಾಡುವುದಿಲ್ಲ. ಬಾಗಿಲು ಜೋರಾಗಿ ಹಾಕಿದವರಿಗೆ, "ಬಾಗಿಲಿಗೆ ಬಾಯಿಲ್ಲ, ಅದರ ಬಾಯಲ್ಲಿ ನಿನ್ನ ಸಿಟ್ಟು ಹೇಳಿಸಬೇಡ" ಎನ್ನುತ್ತಾನೆ. ಈ ಮಾತನ್ನು ನಾನು ಇದೇ ಮನೆಯಲ್ಲಿ, ಇದೇ ಬಾಗಿಲ ಹತ್ತಿರ, ಇದೇ ಕುರ್ಚಿಯಲ್ಲಿ ಕೂತ ಮನುಷ್ಯನ ಬಾಯಲ್ಲಿ ನೂರು ಸಲ ಕೇಳಿದ್ದೇನೆ. ಮಗಳು ಒಂದಕ್ಷರ ಬಿಡದೆ ಎತ್ತಿ ಇಟ್ಟಿದ್ದಳು. ನಾನು ಸೆರಗು ಬಾಯಿಗೆ ಒತ್ತಿಕೊಂಡು ಕೂತೆ. ಇವರು ತೊಡೆ ತಟ್ಟಿದರು.

"ಆಹಾ! ಏನು ಮಾತು! ಈ ಒಂದು ಪಾತ್ರದ ಮಾತು ಬರೆಯೋವಾಗ ಮಾತ್ರ ಆ ಬರಹಗಾರನಿಗೆ ಬುದ್ಧಿ ನೆಟ್ಟಗಿರುತ್ತೆ ನೋಡು. ಹತ್ತಕ್ಕೆ ಹತ್ತು."

ಇನ್ನೊಂದು ದಿನ ಜಡ್ಜಪ್ಪ ಓಟದ ಸ್ಪರ್ಧೆಗೆ ತೀರ್ಪುಗಾರನಾಗಿ, ಮೊದಲು ಬಂದ ಸ್ವಂತ ಮಗಳನ್ನು ಎರಡನೆಯವಳೆಂದು ಬರೆದು, "ಸತ್ಯಕ್ಕೆ ಸಂಬಂಧಿಕರು ಇರೋದಿಲ್ಲ" ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ಇದೆ. ಇವರು ಹೆಗಲು ಮುಟ್ಟಿಕೊಳ್ಳಲೂ ಇಲ್ಲ. ಕಳ್ಳನಿಗೆ ಹತ್ತಕ್ಕೆ ಹತ್ತು ಕೊಟ್ಟು, ಕೆಳಗೆ 'ಆದರ್ಶಪ್ರಾಯ' ಎಂದು ಕೆಂಪಕ್ಷರದಲ್ಲಿ ಬರೆದು ಎರಡು ಗೆರೆ ಎಳೆದರು.

ಎದುರು ಮನೆಯ ಟೈಲರಮ್ಮ ಆ ದಿನ ನಮ್ಮಲ್ಲೇ ಕೂತಿದ್ದಳು. ರವಿಕೆಗೆ ಗುಂಡಿ ಹೊಲಿಯುತ್ತ ಅವಳಿಗೆ ತಡೆಯಲಾಗಲಿಲ್ಲ.

"ಅಲ್ಲ ಮೇಷ್ಟ್ರೇ, ಗೆದ್ದ ಮಗೂನ ಸೋತೆ ಅನ್ನೋದು ಎಂಥ ಆದರ್ಶ? ನನಗೆ ಆ ಜಡ್ಜಪ್ಪನ್ನ ಕಂಡ್ರೆ ಮೈಯೆಲ್ಲ ಉರಿಯುತ್ತೆ."

"ನಿಮಗೆ ಪಾತ್ರ ಅರ್ಥವಾಗಿಲ್ಲ" ಎಂದರು ಇವರು. ಇವರಿಗೆ ಅರ್ಥವಾಗಿತ್ತಂತೆ!

ಹೀಗೇ ನಗುತ್ತ, ಹಣೆ ಚಚ್ಚಿಕೊಳ್ಳುತ್ತ ಇರಬಹುದಿತ್ತು. ಆದರೆ ಆರು ತಿಂಗಳಾಗಿ ವರದಿ ಕೊಡುವ ದಿನ ಬಂತು. ವರದಿ ನೋಡಿಕೊಂಡೇ ಯಾವ ಬರಹಗಾರರನ್ನು ಇಟ್ಟುಕೊಳ್ಳುವುದು, ಯಾರನ್ನು ಬಿಡುವುದು ಎಂದು ಚಾನೆಲ್‌ನವರು ಸೋಮವಾರ ತೀರ್ಮಾನ ಮಾಡುವವರಿದ್ದರು. ಶನಿವಾರ ಮಧ್ಯಾಹ್ನ ಇವರು ಸ್ನಾನಕ್ಕೆ ಹೋದಾಗ ನಾನು ಮೇಜಿನ ಮೇಲಿನ ಹಾಳೆ ನೋಡಿದೆ. ಹನ್ನೊಂದು ಪುಟ. ಕೊನೆಯ ಪುಟದಲ್ಲಿ, 'ಸುಳ್ಳು ಹೇಳುವ ಮಗಳನ್ನು ನಾಯಕಿಯಾಗಿಸಿ, ಆಕೆಯ ಸುಳ್ಳುಗಳಿಗೆ ನೋಡುಗರ ಕಣ್ಣೀರು ಗಿಟ್ಟಿಸುತ್ತಿರುವ ಬರಹಗಾರರನ್ನು ತಕ್ಷಣ ಬದಲಿಸಬೇಕು' ಎಂದಿತ್ತು. ತಕ್ಷಣ ಎಂಬುದರ ಕೆಳಗೆ ಗೆರೆ ಬೇರೆ.

ಮೂರು ವರ್ಷ ಆ ಹುಡುಗಿ ಊಟ ನಿದ್ದೆ ಬಿಟ್ಟು ದುಡಿದಿದ್ದಾಳೆ. ಮೊದಲ ವರ್ಷ ಬೇರೆಯವರು ಬರೆದದ್ದನ್ನು ನಕಲು ಮಾಡಿಕೊಡುವ ಕೆಲಸ, ಎರಡನೇ ವರ್ಷ ಮಾತು ತಿದ್ದುವ ಕೆಲಸ, ಈಗ ಪೂರ್ತಿ ಕಥೆಯೇ ಅವಳದು. ಅದನ್ನು ಅಪ್ಪನ ಕೈಯಿಂದಲೇ ಕಳೆದುಕೊಳ್ಳಬೇಕೇ? ಹೇಳಿದರೆ ಇವರ ಕೋಪ, ಹೇಳದಿದ್ದರೆ ಅವಳ ಕೆಲಸ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ.

ಮಗಳಿಗೆ ಫೋನ್ ಮಾಡಿದೆ. "ನಾಳೆ ನಿಮ್ಮಪ್ಪನಿಗೆ ಎಲ್ಲಾ ಹೇಳಿಬಿಡ್ತೀನಿ. ಊಟದ ಹೊತ್ತಿಗೆ ಬಾ."

"ಅಮ್ಮಾ, ಅಪ್ಪ ಏನಂತಾರೆ?" ಎಂದಳು. ಇಪ್ಪತ್ತೊಂಬತ್ತು ವರ್ಷದ ಹೆಂಗಸು, ದನಿ ಮಾತ್ರ ಏಳನೇ ತರಗತಿಯದು.

"ಏನಾದ್ರೂ ಅಂದ್ಕೊಳ್ಳಲಿ. ನೀನು ಬಾ" ಎಂದೆ.

ಭಾನುವಾರ ಬೆಳಗ್ಗೆ ತಿಂಡಿ ಮುಗಿಸಿ ಇವರು ವರದಿಯನ್ನು ಕೊನೆಯ ಸಲ ಓದಲು ಕೂತಾಗ ನಾನು ಎದುರಿಗೆ ನಿಂತೆ. ಸುತ್ತುಬಳಸು ನನಗೆ ಬರುವುದಿಲ್ಲ.

"ಆ ಬರಹಗಾರರು ಯಾರು ಗೊತ್ತಾ ನಿಮಗೆ?"

"ಯಾರಾದರೇನು? ನಾನು ಹೆಸರು ನೋಡಿ ಅಂಕ ಕೊಡೋನಲ್ಲ."

"ನಿಮ್ಮ ಮಗಳು."

ಇವರು ಕನ್ನಡಕ ತೆಗೆದರು. ಒರೆಸಿದರು. ಮತ್ತೆ ಹಾಕಿಕೊಂಡರು. ಕನ್ನಡಕದ ತಪ್ಪೇನೋ ಎನ್ನುವ ಹಾಗೆ.

"ಔಷಧ ಕಂಪನಿ?"

"ಅಂಥ ಕಂಪನಿಯೇ ಇಲ್ಲ."

"ಎಷ್ಟು ದಿನದಿಂದ?"

"ಮೂರು ವರ್ಷ."

"ನಿನಗೂ ಗೊತ್ತಿತ್ತು."

"ಗೊತ್ತಿತ್ತು. ಬೈಯೋದಾದರೆ ಆಮೇಲೆ ಇಬ್ಬರನ್ನೂ ಸೇರಿಸಿ ಬೈಯಿರಿ. ಈಗ ಆ ಕೊನೇ ಪುಟ ತೆಗೀರಿ."

ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಏನೋ ಹೊಳೆದವರಂತೆ ಎದ್ದುಹೋಗಿ ಕಪಾಟಿನಿಂದ ಹಳೆಯ ಹಾಳೆಗಳ ಕಟ್ಟು ತಂದು ನೆಲದ ಮೇಲೆ ಹರಡಿದರು. ಜಡ್ಜಪ್ಪನ ಹಾಳೆಗಳನ್ನಷ್ಟೇ ಆರಿಸಿ ಒಂದರ ಪಕ್ಕ ಒಂದಿಟ್ಟರು. ಹತ್ತು, ಹತ್ತು, ಹತ್ತು. ಬಾಗಿಲಿನ ಮಾತು ಬರೆದುಕೊಂಡಿದ್ದ ಹಾಳೆಯ ಮೇಲೆ ಬೆರಳಿಟ್ಟು ಮತ್ತೊಮ್ಮೆ ಓದಿದರು.

"ಈ ಜಡ್ಜು..."

"ನೀವೇ. ಇನ್ಯಾರು? ಟೈಲರಮ್ಮನಿಗೂ ಗೊತ್ತಾಗಿದೆ, ನಿಮ್ಮ ಮರ್ಯಾದೆಗೆ ಅಂತ ಅವಳು ಬಾಯಿ ಬಿಟ್ಟಿಲ್ಲ."

"ಅವನು ಒಳ್ಳೆಯವನೇ ಅಲ್ವಾ?" ಎಂದು ಕೇಳಿದರು. ನಿಜವಾಗಿ ಕೇಳಿದರು, ನನ್ನನ್ನು. ಇಷ್ಟು ವರ್ಷದಲ್ಲಿ ಇವರು ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ನನಗೆ ಕೇಳಿದ್ದು ಅದೇ ಮೊದಲು.

"ಒಳ್ಳೆಯವನೇ" ಎಂದೆ. "ಆದ್ರೆ ಅವನು ಮನೆಯೊಳಗೆ ಬಂದ ಕೂಡಲೇ ಆ ಹೆಂಡತಿ ಮಗಳು ಇಬ್ಬರೂ ಮಾತು ನಿಲ್ಲಿಸ್ತಾರೆ. ಆರು ತಿಂಗಳಿಂದ ಕೆಂಪು ಪೆನ್ನು ಹಿಡ್ಕೊಂಡು ನೋಡ್ತಿದ್ದೀರಿ, ಅದೊಂದು ಕಾಣಿಸಲಿಲ್ವಾ? ಆ ಹುಡುಗಿ ಎಷ್ಟು ಸುಳ್ಳು ಹೇಳಿದಳು ಅಂತ ಎಣಿಸಿದ್ರಿ. ಯಾರ ಹತ್ತಿರ ಹೇಳಿದಳು ಅಂತ ನೋಡಲಿಲ್ಲ. ಬಸ್ಸಿನ ಕಂಡಕ್ಟರ್ ಹತ್ತಿರ ಹೇಳಿದ್ದಾಳಾ? ಗೆಳತಿ ಹತ್ತಿರ ಹೇಳಿದ್ದಾಳಾ? ಮಾತ್ರೆ ತರೋಕೆ ಹೇಳಿದ್ದೊಂದು ಬಿಟ್ರೆ ಎಲ್ಲಾ ಸುಳ್ಳೂ ಒಬ್ಬನಿಗೇ ಹೇಳಿದ್ದಾಳೆ."

ನನಗೇ ಆಶ್ಚರ್ಯವಾಯಿತು. ಮೂವತ್ತು ವರ್ಷ ನುಂಗಿದ್ದು ಒಂದೇ ಉಸಿರಿಗೆ ಹೊರಗೆ ಬಂದಿತ್ತು. ಇವರು ತಲೆ ತಗ್ಗಿಸಿ ಹಾಳೆಗಳನ್ನು ಜೋಡಿಸಿದರು, ಅಂಚು ಸರಿ ಮಾಡಿದರು, ದಾರ ಕಟ್ಟಿದರು. ಸರಿ, ಮನಸ್ಸಿಗೆ ನಾಟಿತು, ಇನ್ನು ವರದಿ ಹರಿದು ಹಾಕುತ್ತಾರೆ ಎಂದುಕೊಂಡೆ.

ಹರಿದರೇ? ಹೊಸ ಹಾಳೆ ತೆಗೆದುಕೊಂಡು ಬರೆಯಲು ಶುರು ಮಾಡಿದರು! ಬಗ್ಗಿ ನೋಡಿದರೆ ಮ್ಯಾನೇಜರಿಗೆ ಪತ್ರ. 'ತಮ್ಮ ಬರಹಗಾರರು ನನ್ನ ಸ್ವಂತ ಮಗಳೆಂಬ ವಿಷಯ ಈ ದಿನ ಬೆಳಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ನನ್ನ ಗಮನಕ್ಕೆ ಬಂದಿರುತ್ತದೆ.'

"ಏನ್ರೀ ಇದು!"

"ಸಂಬಂಧಿಕರು ಇಲ್ಲ ಅಂತ ಸಹಿ ಹಾಕಿದ್ದೀನಿ. ಈಗ ಇದ್ದಾರೆ ಅಂತ ಗೊತ್ತಾಗಿದೆ. ತಿಳಿಸೋದು ನನ್ನ ಧರ್ಮ."

"ನಿಮ್ಮ ಧರ್ಮಕ್ಕೆ ಬೆಂಕಿ ಬೀಳ! ಅವಳು ಮುಚ್ಚಿಟ್ಟಳು ಅಂತ ಅವಳನ್ನ ನಾಳೆಯೇ ಹೊರಗೆ ಹಾಕ್ತಾರೆ. ಬೇರೆ ಯಾವ ಚಾನೆಲ್‌ನವರೂ ಒಳಗೆ ಸೇರಿಸಲ್ಲ. ನೀವು ಸುಳ್ಳು ಹೇಳಬೇಡಿ, ಯಾರು ಹೇಳಿ ಅಂದ್ರು? ಒಂದು ಸಲ ಸುಮ್ಮನಿರಿ. ಬಾಯಿ ಮುಚ್ಚಿಕೊಂಡು ಒಂದೇ ಒಂದು ಸಲ ಸುಮ್ಮನಿರೋಕೆ ಆಗಲ್ವಾ ನಿಮ್ಮ ಕೈಲಿ?"

"ಸುಮ್ಮನಿರೋದೂ ಸುಳ್ಳೇ" ಎಂದರು. ಆದರೆ ಪೆನ್ನು ಮುಂದೆ ಹೋಗಲಿಲ್ಲ. ಹನ್ನೊಂದಾಯಿತು, ಹನ್ನೆರಡಾಯಿತು. ಆ ಒಂದು ವಾಕ್ಯದ ಮುಂದೆ ಇವರು ಹಾಗೇ ಕೂತಿದ್ದರು. ನಾನು ಅಡುಗೆಮನೆಯಲ್ಲಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ. ಮಗಳು ಬರುತ್ತಾಳೆಂದು ಮುಂಬಾಗಿಲ ಚಿಲಕ ತೆಗೆದಿಟ್ಟಿದ್ದೆ.

ಹನ್ನೆರಡೂವರೆಗೆ ಇವರ ಫೋನು ಹೊಡೆದುಕೊಂಡಿತು. ಇವರಿಗೆ ಎಡಗಿವಿ ಮಂದ, ಬಲಗಿವಿಗೆ ಹಟ. ಆದ್ದರಿಂದ ಯಾರ ಫೋನ್ ಬಂದರೂ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟು, ಅದಕ್ಕೆ ಪಾಠ ಹೇಳುವವರ ಹಾಗೆ ಎದುರು ಕೂತು ಮಾತಾಡುವುದು ಅಭ್ಯಾಸ. ಮ್ಯಾನೇಜರಿನ ದನಿ ಅಡುಗೆಮನೆಯವರೆಗೂ ಬಂತು.

"ನಮಸ್ಕಾರ ಸಾರ್, ರಜಾ ದಿನ ತೊಂದ್ರೆ ಕೊಟ್ಟೆ. ವರದಿ ಆಯ್ತಾ? ನಮ್ಮ ಬರಹಗಾರ್ತಿ ಬಗ್ಗೆ ಏನಾದ್ರೂ ಬರೆದಿದ್ದೀರಾ ಅದರಲ್ಲಿ?"

ನಾನು ಸೌಟು ಹಿಡಿದುಕೊಂಡೇ ಹಾಲ್‌ನ ಬಾಗಿಲಿಗೆ ಬಂದೆ. ಹನ್ನೊಂದು ಪುಟದ ವರದಿ ಇವರ ಕೈ ಕೆಳಗೇ ಇತ್ತು. ಇವರು ಅದನ್ನು ನೋಡಿದರು. ನನ್ನನ್ನು ನೋಡಿದರು.

"ಇಲ್ಲ" ಎಂದರು.

ನನ್ನ ಕೈಯಿಂದ ಸೌಟು ಜಾರಿ ಬಿತ್ತು. ಸುಳ್ಳು! ಹಾಡಹಗಲೇ, ನನ್ನ ಕಣ್ಣೆದುರಿಗೆ!

"ಸದ್ಯ, ಒಳ್ಳೆಯದಾಯ್ತು. ಸಾರ್, ಇನ್ನೊಂದು ವಿಷಯ, ತಪ್ಪು ತಿಳ್ಕೋಬೇಡಿ. ಇಲ್ಲಿ ಯಾರೋ ಹೇಳ್ತಿದ್ದಾರೆ, ಆ ಹುಡುಗಿ ನಿಮ್ಮ ಮಗಳು ಅಂತ. ಹೌದಾದರೆ ನಾಳೆ ಇಬ್ಬರನ್ನೂ ಬಿಡಿಸಬೇಕಾಗುತ್ತೆ. ನಾನು ನಂಬಲಿಲ್ಲ. ನೀವೇ ಹೇಳಿಬಿಡಿ, ಹೌದಾ ಅಲ್ವಾ?"

ಇವರ ಕುತ್ತಿಗೆಯ ನರ ಉಬ್ಬಿತು. ಎರಡು ಕೈಯಲ್ಲೂ ಮೇಜಿನ ಅಂಚು ಹಿಡಿದುಕೊಂಡರು. ದನಿ ಬೇಕಾದ್ದಕ್ಕಿಂತ ಜೋರಾಗಿ ಹೊರಟಿತು.

"ಅಲ್ಲ. ಅವಳು ನನ್ನ ಮಗಳಲ್ಲ. ನನಗೆ ಅಂಥ ಮಗಳಿಲ್ಲ."

"ನೀವು ಹೇಳಿದ ಮೇಲೆ ಮುಗೀತು ಬಿಡಿ ಸಾರ್. ಬೇರೆ ಯಾರೇ ಹೇಳಿದ್ರೂ ವಿಚಾರಿಸ್ತಿದ್ದೆ" ಎಂದು ಆತ ಫೋನಿಟ್ಟ.

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇವರ ಹಣೆ ಪೂರ್ತಿ ಬೆವೆತಿತ್ತು. ಸೆರಗಿನಿಂದ ಒರೆಸೋಣ ಎಂದು ಒಂದು ಹೆಜ್ಜೆ ಇಟ್ಟೆ, ಅಷ್ಟರಲ್ಲಿ ಮುಂಬಾಗಿಲು ಕಣ್ಣಿಗೆ ಬಿತ್ತು. ಅರ್ಧ ತೆರೆದಿತ್ತು. ಹೊಸ್ತಿಲಲ್ಲಿ ಮಗಳು ನಿಂತಿದ್ದಳು, ಕೈಯಲ್ಲೊಂದು ಹಣ್ಣಿನ ಚೀಲ. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಅವಳ ಮುಖ ನೋಡಿದರೆ ಕೊನೆಯ ಮಾತು ಕೇಳಿಸಿಕೊಂಡಳೇ ಎಂದು ಕೇಳಬೇಕಾದ್ದೇ ಇರಲಿಲ್ಲ. ಅಮ್ಮ ಬೆಳಗ್ಗೆ ಎಲ್ಲವನ್ನೂ ಹೇಳಿದ್ದಾಳೆ, ಅಪ್ಪ ಇದೋ ಉತ್ತರ ಕೊಟ್ಟಿದ್ದಾರೆ, ಎಂದೇ ಅವಳಿಗೆ ಅನಿಸಿರಬೇಕು. ಅವಳು ಚೀಲವನ್ನು ಸದ್ದಾಗದಂತೆ ಹೊಸ್ತಿಲ ಒಳಗಿಟ್ಟು ತಿರುಗಿ ಮೆಟ್ಟಿಲಿಳಿದಳು.

"ನಿಲ್ಲೇ!" ಎಂದು ಕೂಗಿಕೊಂಡು ಓಡಿದೆ. ಲಿಫ್ಟು ಯಥಾಪ್ರಕಾರ ಕೆಟ್ಟಿತ್ತು. ಈ ನೋವಿನ ಮಂಡಿ ಇಟ್ಟುಕೊಂಡು ಒಂದು ಮಹಡಿ ಇಳಿಯುವಷ್ಟರಲ್ಲಿ ನನ್ನ ಜೀವ ಬಾಯಿಗೆ ಬಂತು. ಎರಡನೇ ಮಹಡಿಯ ತಿರುವಿನಲ್ಲಿ ಅವಳ ತೋಳು ಹಿಡಿದೆ.

"ಅದು ಸುಳ್ಳು ಕಣೇ! ನಿನ್ನ ಕೆಲಸ ಉಳಿಸೋಕೆ ಆ ಮ್ಯಾನೇಜರ್ ಹತ್ತಿರ ಸುಳ್ಳು ಹೇಳಿದ್ರು ನಿಮ್ಮಪ್ಪ!"

ಅವಳು ನನ್ನನ್ನು ನೋಡಿದಳು. ಸಿಟ್ಟೂ ಇರಲಿಲ್ಲ, ಅಳುವೂ ಇರಲಿಲ್ಲ.

"ಅಮ್ಮಾ, ಅಪ್ಪ ಸುಳ್ಳು ಹೇಳಲ್ಲ."

ನಾನೇನು ಹೇಳಲಿ? ಈ ಮಾತನ್ನು ಅವಳ ತಲೆಗೆ ತುಂಬಿದವಳೇ ನಾನು. ನಿಮ್ಮಪ್ಪ ಬೈತಾರೆ, ಹೊಗಳಲ್ಲ, ನಗಲ್ಲ, ಆದ್ರೆ ಸುಳ್ಳು ಹೇಳಲ್ಲ ಮಗಳೇ ಎಂದು ಸಮಾಧಾನ ಮಾಡಿ ಮಾಡಿ ಬೆಳೆಸಿದ್ದೇನೆ. ಅಯ್ಯೋ ನನ್ನ ಕರ್ಮವೇ! ಹುಟ್ಟಿದಾರಭ್ಯ ಒಂದು ಸುಳ್ಳು ಹೇಳಿದರು ಪುಣ್ಯಾತ್ಮ, ಅದನ್ನು ಸುಳ್ಳೆಂದು ನಂಬುವವರು ಭೂಮಿಯ ಮೇಲೆ ಒಬ್ಬರೂ ಇಲ್ಲ.

ಅವಳ ತೋಳು ಬಿಡದೆ ಮೇಲಕ್ಕೆ ಮುಖ ಮಾಡಿ ಕಿರುಚಿದೆ. "ರೀ! ಬನ್ನಿ ಈಚೆಗೆ! ನೀವು ಮಾಡಿದ್ದನ್ನ ನಿಮ್ಮ ಬಾಯಿಂದಲೇ ಹೇಳಿ!"

ಟೈಲರಮ್ಮನ ಬಾಗಿಲು ಮೊದಲು ತೆರೆಯಿತು. ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಬಂದು ಕಂಬಿ ಹಿಡಿದು ಬಗ್ಗಿದಳು. ಆಮೇಲೆ ಇವರು ಬಂದರು. ಕಾಲಲ್ಲಿ ಚಪ್ಪಲಿಯಿಲ್ಲ, ಕೈಯಲ್ಲಿ ಫೋನಿದೆ. ಒಂದೊಂದೇ ಮೆಟ್ಟಿಲಿಳಿದು, ನಮಗಿಂತ ನಾಲ್ಕು ಮೆಟ್ಟಿಲು ಮೇಲೆ ನಿಂತರು. ಸಾವಿರಾರು ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿ ಹೇಳಿಸಿದ ಮಾತು, ತಾವು ಮಾತ್ರ ಎಂದೂ ಹೇಳಿ ಅಭ್ಯಾಸವಿಲ್ಲ.

"ನಾನು ಸುಳ್ಳು ಹೇಳಿದೆ" ಎಂದರು.

ಮಗಳು ತಲೆಯೆತ್ತಿದಳು. "ಯಾವುದು ಸುಳ್ಳು ಅಪ್ಪ? ಆಗ ಹೇಳಿದ್ದಾ, ಈಗ ಹೇಳ್ತಿರೋದಾ?"

ಇವರು ತಮಗೆ ಗೊತ್ತಿದ್ದ ಒಂದೇ ದಾರಿ ಹಿಡಿದರು. ಫೋನನ್ನು ಕಣ್ಣಿನ ಹತ್ತಿರ ತಂದುಕೊಂಡು ಗುಂಡಿ ಒತ್ತತೊಡಗಿದರು.

"ಇರು. ಅವನಿಗೇ ಫೋನ್ ಮಾಡಿ ನಿಜ ಹೇಳಿಬಿಡ್ತೀನಿ. ನೀನು ನನ್ನ ಮಗಳೇ ಅಂತ ಹೇಳ್ತೀನಿ. ಆಗ ನಂಬ್ತೀಯಲ್ಲ?"

"ದೇವರೇ!" ಎಂದೆ ನಾನು. ಅಷ್ಟರಲ್ಲಿ ಮಗಳು ನನ್ನ ಕೈ ಕೊಡವಿಕೊಂಡು ನಾಲ್ಕು ಮೆಟ್ಟಿಲನ್ನೂ ಒಂದೇ ಸಲ ಹಾರಿದವಳಂತೆ "ಬೇಡಪ್ಪಾ, ಬೇಡ! ನಂಬಿದೆ!" ಎಂದು ಫೋನಿಗೆ ಕೈ ಹಾಕಿದಳು. ಫೋನು ಅವಳ ಕೈಗೆ ಬಂತು, ಆದರೆ ಕರೆ ಆಗಲೇ ಹೋಗಿತ್ತು.

"ಹಲೋ, ಹೇಳಿ ಸಾರ್" ಎಂದಿತು ಮ್ಯಾನೇಜರಿನ ದನಿ, ಮೂರೂ ಮಹಡಿಗೆ ಕೇಳುವ ಹಾಗೆ.

ಟೈಲರಮ್ಮ ಬಾಯಿಗೆ ಕೈ ಅಡ್ಡ ಹಿಡಿದಳು. ಮಗಳು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಬೇಡ ಎಂದು ಅಪ್ಪನಿಗೆ ತಲೆಯಾಡಿಸುತ್ತಿದ್ದಳು. ಇವರು ಅವಳ ಮುಖವನ್ನೇ ನೋಡಿದರು. ಅವಳ ಮುಖವನ್ನು ಇವರು ಅಷ್ಟು ಹೊತ್ತು ನೋಡಿದ್ದನ್ನು ನಾನು ಕಂಡಿರಲಿಲ್ಲ. ಆಮೇಲೆ ಫೋನಿನ ಕಡೆ ಬಗ್ಗಿದರು.

"ಏನಿಲ್ಲಪ್ಪ. ಕೈ ತಗುಲಿ ಕರೆ ಹೋಗಿಬಿಟ್ಟಿದೆ. ಇಡ್ತೀನಿ" ಎಂದರು.

ಈ ಸಲ ದನಿ ಒಂದು ಚೂರೂ ಜೋರಾಗಲಿಲ್ಲ. ಮಗಳು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು, ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಇವರು ಏನು ಮಾಡಬೇಕೆಂದು ತಿಳಿಯದೆ ನನ್ನ ಕಡೆ ನೋಡಿದರು. ಅದನ್ನೂ ನಾನೇ ಹೇಳಿಕೊಡಬೇಕೇ ಈ ಮನುಷ್ಯನಿಗೆ! ಕೂತ್ಕೊಳ್ಳಿ ಎಂದು ಕಣ್ಣಲ್ಲೇ ಗದರಿದೆ. ಇವರು ಅವಳ ಪಕ್ಕದಲ್ಲಿ ಕೂತುಕೊಂಡರು.